ಧಾನ್ಯಕೀಟಗಳ ನಿವಾರಣೆಯಲ್ಲಿ ವಿಕಿರಣ-ಧೂಮಗಳ ಕೂಡುಪ್ರಯೋಗ: ಒಂದು ವಿಮರ್ಶೆ

ಉಗ್ರಾಣಗಳಲ್ಲಿ ಕೂಡಿಟ್ಟ ಧಾನ್ಯವನ್ನು ಕೆಡಿಸುವ ಕೀಟಗಳ ನಿವಾರಣೆಗಾಗಿ ಎರಡು ಬಗೆಯ ಪ್ರಬಲ ಸಾಧನಗಳು ಈಗ ವಿಜ್ಞಾನಿಗಳ ಕೈಯಲ್ಲಿರುವುವು. ಒಂದು, ವಿಷವಾಯುವನ್ನು ಧಾನ್ಯದ ರಾಶಿಯೊಳಕ್ಕೆ ಹೊಗಿಸುವ ಧೂಮಪ್ರಯೋಗ. ಇನ್ನೊಂದು, ಗ್ಯಾಮಾ ಕಿರಣಗಳನ್ನೋ ವೇಗವಾದ ಎಲೆಕ್ಟ್ರಾನುಗಳನ್ನೋ ಧಾನ್ಯದ ಮೂಲಕ ಹಾಯಿಸುವ ವಿಕಿರಣಪ್ರಯೋಗ. ಇವೆರಡನ್ನೂ ಬೇರೆಬೇರೆಯಾಗಿ ಬಳಸುವುದಕ್ಕಿಂತ ಒಂದರ ಹಿಂದೆ ಒಂದನ್ನು ಕೂಡಿಸಿ ಬಳಸಿದರೆ ಎರಡರ ಪ್ರಮಾಣವನ್ನೂ ಇಳಿಸಬಹುದು, ವೆಚ್ಚವೂ ಅಪಾಯವೂ ಕಡಮೆಯಾಗುವುವು, ಫಲ ಮಾತ್ರ ಹೆಚ್ಚುವುದು ಎಂಬ ಅಭಿಪ್ರಾಯವು ಅರ್ಧ ಶತಮಾನದಿಂದಲೂ ಕೀಟಶಾಸ್ತ್ರದ ಬರವಣಿಗೆಗಳಲ್ಲಿ ಆಗಾಗ ಕಾಣಬರುತ್ತಿದೆ. ಕೇಳುವುದಕ್ಕೆ ಇದು ಹಿತವಾದ ಮಾತು. ಆದರೆ ಹಿತವಾದ ಮಾತೆಲ್ಲ ಸಿದ್ಧವಾದ ಮಾತಲ್ಲ. ಈ ಪಕ್ಷಕ್ಕಿರುವ ಆಧಾರವೆಷ್ಟು, ಅದನ್ನು ಸಾಧಿಸುವುದಕ್ಕೆ ಹೂಡುವ ಪ್ರಯೋಗಗಳ ಕ್ರಮವು ಎಷ್ಟುಮಟ್ಟಿಗೆ ಯುಕ್ತವಾದುದು, ನಮ್ಮ ದೇಶದ ಕಣಜಗಳಿಗೆ ಅದರಿಂದ ಬರತಕ್ಕ ಪ್ರಯೋಜನವೇನು ಎಂಬ ಮೂರು ವಿಷಯಗಳನ್ನು ಇಲ್ಲಿ ಪರಿಶೀಲಿಸುವೆವು.

೧. ಧೂಮದ ಗುಣದೋಷಗಳು

ಧಾನ್ಯಕ್ಕೆ ಧೂಮ ಹಾಕುವ ಪದ್ಧತಿ ಹೊಸದೇನೂ ಅಲ್ಲ. ಕಾರ್ಬನ್ ಡೈಸಲ್ಫೈಡ್, ಹೈಡ್ರೊಸಯನಿಕ್ ಆಮ್ಲ, ಎಥಿಲೀನ್ ಡೈಬ್ರೋಮೈಡ್, ಮೀಥೈಲ್ ಬ್ರೋಮೈಡ್ ಇವುಗಳು ಒಂದರ ತರುವಾಯ ಒಂದು ಬಳಕೆಗೆ ಬಂದುವು. ಒಂದು ಬೆಂಕಿಯ ಭಯದಿಂದ, ಒಂದು ಪ್ರಾಣಭಯದಿಂದ, ಒಂದು ಅರ್ಬುದರೋಗದ ಶಂಕೆಯಿಂದ ಹಿಂದೆ ಸರಿದುವು. ಮೀಥೈಲ್ ಬ್ರೋಮೈಡು ಮೇಲಣ ವಾಯುಮಂಡಲದ ಓಜೋನ್ ಪದರವನ್ನು ಕೆಡಿಸುವುದೆಂದು ತಿಳಿದಮೇಲೆ, ೧೯೮೭ರ ಮಾಂಟ್ರಿಯಲ್ ಒಡಂಬಡಿಕೆಯ ಪಟ್ಟಿಗೆ ಅದನ್ನು ೧೯೯೨ರಲ್ಲಿ ಸೇರಿಸಲಾಯಿತು. ಮುಂದುವರಿದ ದೇಶಗಳು ೨೦೦೫ರಲ್ಲಿಯೂ ಇತರ ದೇಶಗಳು ೨೦೧೫ರಲ್ಲಿಯೂ ಅದನ್ನು ಕೈಬಿಡಬೇಕಾಯಿತು. ಹಡಗಿನ ಸರಕಿನ ಕ್ವಾರಂಟೈನ್ ಮುಂತಾದ ಕೆಲವು ಕಾರ್ಯಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಹೀಗಾಗಿ ಲೋಕದ ಧಾನ್ಯರಕ್ಷಣೆಯ ಭಾರವೆಲ್ಲ ಬಹುಮಟ್ಟಿಗೆ ಫಾಸ್ಫೀನ್ ಎಂಬ ಒಂದೇ ವಾಯುವಿನ ಮೇಲೆ ಬಿದ್ದಿದೆ.

ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆಯು ಗಾಳಿಯ ತೇವವನ್ನು ಹೀರಿ ಫಾಸ್ಫೀನನ್ನು ಬಿಡುಗಡೆ ಮಾಡುವುದು. ೩ ಗ್ರಾಂ ತೂಕದ ಗುಳಿಗೆಯಿಂದ ೧ ಗ್ರಾಂ ವಾಯು ಹೊರಡುವುದು. ಯಂತ್ರ ಬೇಡ, ವಿದ್ಯುತ್ತು ಬೇಡ. ಮುಚ್ಚಿದ ಉಗ್ರಾಣವೂ ಕೆಲವು ದಿನಗಳ ಅವಧಿಯೂ ಇದ್ದರೆ ಸಾಕು. ಬಿತ್ತನೆಯ ಬೀಜದ ಮೊಳಕೆಗೆ ಸಹ ಇದರಿಂದ ಹೇಳತಕ್ಕಷ್ಟು ಹಾನಿಯಿಲ್ಲ. ಇಷ್ಟು ಸುಲಭವಾದ ಸಾಧನವನ್ನು ಜನರು ಮೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇದರ ಸ್ವಭಾವವು ವಿಚಿತ್ರವಾದುದು. ಸಾಧಾರಣ ವಿಷಗಳಲ್ಲಿ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಕಾಲವನ್ನು ಅರ್ಧಕ್ಕಿಳಿಸಬಹುದು. ಫಾಸ್ಫೀನಿನಲ್ಲಿ ಈ ಲೆಕ್ಕ ನಡೆಯದು. ಇಲ್ಲಿ ಕಾಲವೇ ಪ್ರಧಾನ, ಪ್ರಮಾಣವು ಗೌಣ. ವಾಯುವಿನ ಸಾಂದ್ರತೆ ಅತಿಯಾದರೆ ಕೀಟವು ಮೂರ್ಛೆಹೋದಂತಾಗಿ, ವಿಷವನ್ನು ಒಳಕ್ಕೆ ತೆಗೆದುಕೊಳ್ಳುವುದನ್ನೇ ಕಡಮೆಮಾಡಿ ಉಳಿದುಕೊಳ್ಳುವುದೂ ಉಂಟು. ಆಮ್ಲಜನಕವಿಲ್ಲದ ಕಡೆ ಫಾಸ್ಫೀನು ಕೊಲ್ಲಲಾರದು. ಏಕೆಂದರೆ ಅದು ಏಟು ಹಾಕುವುದು ಕೀಟದ ಉಸಿರಾಟದ ವ್ಯವಸ್ಥೆಗೆ. ಆದಕಾರಣ ಬಿರುಸಾಗಿ ಉಸಿರಾಡುವ ಹುಳುವೂ ಪ್ರೌಢ ದುಂಬಿಯೂ ಬೇಗ ಸಾಯುವುವು. ಮೊಟ್ಟೆಯೂ ಕೋಶಾವಸ್ಥೆಯೂ ಬಹುಕಾಲ ತಡೆಯುವುವು.

ಇದಕ್ಕಿಂತಲೂ ಗಂಭೀರವಾದ ದೋಷವೆಂದರೆ ಕೀಟಗಳಲ್ಲಿ ಬೆಳೆದಿರುವ ಪ್ರತಿರೋಧಶಕ್ತಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ೧೯೭೨-೭೩ರಲ್ಲಿ ನಡಸಿದ ಲೋಕವ್ಯಾಪಿ ಸಮೀಕ್ಷೆಯಲ್ಲಿ, ಪರೀಕ್ಷಿಸಿದ ಕೀಟಸಂತತಿಗಳ ಪೈಕಿ ಸುಮಾರು ಹತ್ತರಲ್ಲಿ ಒಂದು ಫಾಸ್ಫೀನಿಗೆ ಪ್ರತಿರೋಧ ತೋರಿತು. ಅಲ್ಲಿಂದೀಚೆಗೆ ಈ ಪೀಡೆಯು ಭರತಖಂಡ, ಆಸ್ಟ್ರೇಲಿಯ, ಬ್ರೆಜಿಲ್ ಮೊದಲಾದೆಡೆಗಳಲ್ಲಿ ಬಲವಾಗಿ ಹಬ್ಬಿತು. ಪ್ರತಿರೋಧಕ್ಕೆ ಕಾರಣವಾದ ವಂಶವಾಹಿಗಳಲ್ಲೊಂದು ಡೈಹೈಡ್ರೊಲಿಪೊಅಮೈಡ್ ಡಿಹೈಡ್ರೋಜಿನೇಸ್ ಎಂಬ ಕಿಣ್ವಕ್ಕೆ ಸಂಬಂಧಪಟ್ಟುದೆಂದು ೨೦೧೨ರಲ್ಲಿ ಪತ್ತೆಯಾಯಿತು. ಈ ಕಿಣ್ವವೂ ದೇಹದ ಶಕ್ತಿವ್ಯಾಪಾರಕ್ಕೆ ಸೇರಿದುದೇ. ಇಂಥ ಪ್ರತಿರೋಧವು ಬೆಳೆಯುವುದು ಎಲ್ಲಿ? ಬಿರುಕುಬಿಟ್ಟ ಗೋಡೆ, ಹರಿದ ಹೊದಿಕೆ, ಮೂರು ದಿನಕ್ಕೇ ತೆರೆದ ಉಗ್ರಾಣ ಇವುಗಳಲ್ಲಿ. ಅರೆಪ್ರಮಾಣದ ವಿಷವು ದುರ್ಬಲವಾದ ಕೀಟಗಳನ್ನು ಕೊಂದು, ಬಲಿಷ್ಠವಾದುವುಗಳಿಗೆ ಕಣಜವನ್ನು ಬಿಟ್ಟುಕೊಡುವುದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆ ಇದು ಅಗತ್ಯವಾಗುವುದು.

೨. ವಿಕಿರಣದ ಗುಣದೋಷಗಳು

ರಂಟ್ಗೆನ್ ಕಿರಣಗಳನ್ನು ಉಗ್ರಾಣದ ಕೀಟದ ಮೇಲೆ ಪರೀಕ್ಷಿಸಿದವರಲ್ಲಿ ಮೊದಲಿಗನೆಂದು ಅಮೆರಿಕದ ರನ್ನರ್ ಎಂಬವನನ್ನು ಹೇಳುವರು. ಹೊಗೆಸೊಪ್ಪಿನ ದುಂಬಿಯ ಮೇಲೆ ಅವನು ಮಾಡಿದ ಪ್ರಯೋಗಗಳು ೧೯೧೬ರಲ್ಲಿ ಪ್ರಕಟವಾದುವು. ಕಿರಣ ತಗುಲಿದ ದುಂಬಿಗಳು ಬದುಕಿ ಮೊಟ್ಟೆಯಿಟ್ಟರೂ ಮೊಟ್ಟೆಗಳು ಒಡೆಯಲಿಲ್ಲವೆಂಬುದೇ ಅವುಗಳ ಸಾರ. ಈ ಶಾಸ್ತ್ರದ ಮುಖ್ಯ ತತ್ತ್ವವು ಹೀಗೆ ಆರಂಭದಲ್ಲಿಯೇ ಹೊರಬಿತ್ತು: ಕಿರಣವು ಕೀಟವನ್ನು ತತ್‌ಕ್ಷಣ ಕೊಲ್ಲುವುದಿಲ್ಲ, ಅದರ ವಂಶವನ್ನು ನಿಲ್ಲಿಸುವುದು.

ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ವಿಭಜನೆ ಹೊಂದುತ್ತಿರುವ ಜೀವಕೋಶಗಳು ಕಿರಣಕ್ಕೆ ಹೆಚ್ಚಾಗಿ ಈಡಾಗುವುವೆಂದು ಫ್ರಾನ್ಸಿನ ಬರ್ಗೋನಿಯೆ ಮತ್ತು ಟ್ರಿಬೊಂಡೊ ಎಂಬವರು ೧೯೦೬ರಲ್ಲಿಯೇ ನಿಯಮವನ್ನು ಹೇಳಿದ್ದರು. ಪ್ರೌಢ ಕೀಟದ ದೇಹದಲ್ಲಿ ವಿಭಜನೆ ನಡೆಯುವ ಸ್ಥಾನಗಳು ಕೆಲವೇ: ಸಂತಾನಕೋಶಗಳು, ಮತ್ತು ನಡುಗರುಳಿನ ಒಳಪದರವನ್ನು ಹೊಸದು ಮಾಡುವ ಕೋಶಗಳು. ಮೊದಲನೆಯವು ಕೆಟ್ಟರೆ ಕೀಟವು ಬಂಜೆಯಾಗುವುದು; ಎರಡನೆಯವು ಕೆಟ್ಟರೆ ಆಹಾರ ಜೀರ್ಣಿಸದೆ ಕೆಲವು ವಾರಗಳಲ್ಲಿ ಸಾಯುವುದು. ಮೊಟ್ಟೆಯಲ್ಲಿಯೂ ಎಳೆಯ ಹುಳುವಿನಲ್ಲಿಯೂ ದೇಹವೆಲ್ಲ ಬೆಳೆಯುತ್ತಿರುವುದರಿಂದ ಅವು ಸ್ವಲ್ಪ ಕಿರಣಕ್ಕೇ ನಾಶವಾಗುವುವು. ಅಕ್ಕಿಯ ಮೂತಿಹುಳುವನ್ನು ಬಂಜೆ ಮಾಡುವುದಕ್ಕೆ ೧೦೦ ಗ್ರೇ ಸುತ್ತಮುತ್ತಣ ಪ್ರಮಾಣ ಸಾಕು. ಪತಂಗಗಳಿಗೆ ಹಲವು ನೂರು ಗ್ರೇ ಬೇಕು. ಎಲ್ಲವನ್ನೂ ಕೆಲವೇ ದಿನಗಳಲ್ಲಿ ಕೊಲ್ಲಬೇಕೆಂದರೆ ೩,೦೦೦ ಗ್ರೇಗೂ ಮೇಲಕ್ಕೆ ಹೋಗಬೇಕು. ಅಷ್ಟು ಪ್ರಮಾಣದಲ್ಲಿ ಗೋಧಿಯ ಹಿಟ್ಟಿನ ಗುಣವೇ ಕೆಡಲಾರಂಭಿಸುವುದು.

ಅಮೆರಿಕವು ೧೯೬೩ರಲ್ಲಿ ಗೋಧಿಗೂ ಅದರ ಹಿಟ್ಟಿಗೂ ಕೀಟನಿವಾರಣೆಗಾಗಿ ವಿಕಿರಣವನ್ನು ಅಂಗೀಕರಿಸಿತು. ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಒಡೆಸ್ಸಾ ಬಂದರಿನಲ್ಲಿ ೧೯೮೦ರಲ್ಲಿ ಎರಡು ಎಲೆಕ್ಟ್ರಾನ್ ಯಂತ್ರಗಳನ್ನು ಸ್ಥಾಪಿಸಿ, ಹಡಗಿನಿಂದಿಳಿದ ಧಾನ್ಯವನ್ನು ಯಂತ್ರವೊಂದಕ್ಕೆ ಗಂಟೆಗೆ ೨೦೦ ಟನ್ನಿನಂತೆ ಕಿರಣದ ಕೆಳಗೆ ಸುರಿಸಲಾಯಿತು. ಯಂತ್ರದ ಸಾಮರ್ಥ್ಯ ೨೦ ಕಿಲೊವಾಟ್, ಎಲೆಕ್ಟ್ರಾನಿನ ಶಕ್ತಿ ೧.೪ ಮಿಲಿಯ ಎಲೆಕ್ಟ್ರಾನ್-ವೋಲ್ಟ್. ಈ ಅಂಕಗಳನ್ನು ಗಣಿಸಿ ನೋಡಿದರೆ ಒಂದು ಸಂಗತಿ ತಿಳಿಯುವುದು. ಕಿರಣದ ಶಕ್ತಿಯಲ್ಲಿ ಎಳ್ಳಷ್ಟೂ ವ್ಯರ್ಥವಾಗದಿದ್ದರೂ ಆ ವೇಗದಲ್ಲಿ ಧಾನ್ಯಕ್ಕೆ ಸರಾಸರಿ ೩೬೦ ಗ್ರೇಗಿಂತ ಹೆಚ್ಚು ದೊರೆಯದು. ಅದೂ ಅಲ್ಲದೆ ಆ ಎಲೆಕ್ಟ್ರಾನುಗಳು ಒಂದು ಸೆಂಟಿಮೀಟರಿಗಿಂತ ಕಡಮೆ ದಪ್ಪದ ಧಾನ್ಯದ ಪದರವನ್ನು ಮಾತ್ರ ಭೇದಿಸಬಲ್ಲವು. ಆದ್ದರಿಂದ ಧಾನ್ಯವು ತೆಳುವಾದ ತೆರೆಯಂತೆ ಬೀಳಬೇಕು; ಎಲ್ಲಿ ತೆರೆ ದಪ್ಪವಾಯಿತೋ ಅಲ್ಲಿ ಒಳಗಿನ ಕಾಳಿಗೆ ಪ್ರಮಾಣ ತಗ್ಗಿತು. ಬಂಜೆ ಮಾಡುವುದೇ ಉದ್ದೇಶವಾದರೆ ಇಂಥ ಯಂತ್ರ ಸಾಕು. ಕೊಲ್ಲುವುದೇ ಉದ್ದೇಶವಾದರೆ ಸಾಲದು. ಕೋಬಾಲ್ಟ್-೬೦ರ ಗ್ಯಾಮಾ ಕಿರಣಗಳು ಚೀಲವನ್ನು ಭೇದಿಸಬಲ್ಲವಾದರೂ, ಆ ಮೂಲವಸ್ತುವು ೫.೨೭ ವರ್ಷಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ, ಉಗ್ರಾಣದಲ್ಲಿ ಕೆಲಸವಿರಲಿ ಇಲ್ಲದಿರಲಿ, ಅದರ ಬಲವು ವರ್ಷಕ್ಕೆ ಸುಮಾರು ಶೇಕಡ ೧೨ರಷ್ಟು ತಾನಾಗಿ ಕುಂದುತ್ತಿರುವುದು.

೩. ಕೂಡುಪ್ರಯೋಗದ ಪೂರ್ವಪಕ್ಷ

ಮೇಲಣ ಎರಡು ವಿವರಣೆಗಳನ್ನು ಪಕ್ಕದಲ್ಲಿಟ್ಟು ನೋಡಿದವರಿಗೆ ಕೂಡುಪ್ರಯೋಗದ ಆಲೋಚನೆ ಏಕೆ ಹುಟ್ಟಿತೆಂಬುದು ತಾನಾಗಿ ಹೊಳೆಯುವುದು. ಧೂಮವು ಪ್ರೌಢ ಕೀಟವನ್ನು ಬೇಗ ಕೊಲ್ಲುವುದು, ಮೊಟ್ಟೆಯನ್ನು ಬಿಡುವುದು. ಕಿರಣವು ಮೊಟ್ಟೆಯನ್ನು ನಾಶಮಾಡುವುದು, ಪ್ರೌಢ ಕೀಟವನ್ನು ವಾರಗಟ್ಟಲೆ ಜೀವಂತವಾಗಿ ಬಿಡುವುದು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದೆಂಬ ಭಾವನೆ ಸಹಜವಾದುದು. ಅಮೆರಿಕದ ಕಾಗ್‌ಬರ್ನ್, ಗಿಲೆನ್‌ವಾಟರ್ ಇವರು ಹಿಟ್ಟಿನ ದುಂಬಿಯ ಮೇಲೆ ಗ್ಯಾಮಾ ಕಿರಣ ಮತ್ತು ಧೂಮಗಳ ಪರಸ್ಪರ ಪ್ರಭಾವವನ್ನು ಕುರಿತು ೧೯೭೨ರಲ್ಲಿಯೇ ಲೇಖನವನ್ನು ಪ್ರಕಟಿಸಿದರು. 'ಪರಸ್ಪರ ಪ್ರಭಾವ' ಎಂಬುದು ಎಚ್ಚರಿಕೆಯ ಮಾತು. ಅದು ಪ್ರಭಾವದ ದಿಕ್ಕನ್ನು ಮುಂದಾಗಿಯೇ ನಿರ್ಣಯಿಸುವುದಿಲ್ಲ. ಆದರೆ ಈ ವಿಷಯವನ್ನು ಕೈಗೊಂಡ ಅನೇಕ ಬರಹಗಳಲ್ಲಿ ಈ ಎಚ್ಚರಿಕೆಯ ಬದಲು 'ಸಹಕ್ರಿಯೆ', 'ಗುಣಿತವಾದ ಫಲ' ಮೊದಲಾದ ಪದಗಳು ಧಾರಾಳವಾಗಿ ಬಳಕೆಯಾಗಿವೆ. ನಮ್ಮ ಮೊದಲನೆಯ ಆಕ್ಷೇಪಣೆ ಇಲ್ಲಿಯೇ ಇರುವುದು.

೪. ಲೆಕ್ಕದ ದೋಷ

ಎರಡು ವಿಷಗಳು ಒಂದನ್ನೊಂದು ಲಕ್ಷಿಸದೆ ತಮ್ಮ ತಮ್ಮ ಕೆಲಸ ಮಾಡಿದರೆ ಬರತಕ್ಕ ಫಲವೆಷ್ಟು ಎಂಬುದನ್ನು ಗಣಿಸುವ ಕ್ರಮವನ್ನು ಬ್ಲಿಸ್ ಎಂಬ ಪಂಡಿತನು ೧೯೩೯ರಲ್ಲಿ ನಿರೂಪಿಸಿದನು. ಕಿರಣವೊಂದೇ ನೂರರಲ್ಲಿ ೬೦ ಕೀಟಗಳನ್ನೂ, ಧೂಮವೊಂದೇ ನೂರರಲ್ಲಿ ೭೦ ಕೀಟಗಳನ್ನೂ ಕೊಲ್ಲುವುದೆಂದು ಇಟ್ಟುಕೊಳ್ಳೋಣ. ಕಿರಣದಿಂದ ಉಳಿದ ೪೦ರಲ್ಲಿ ಧೂಮವು ತನ್ನ ಪಾಲಿನಂತೆ ೨೮ನ್ನು ಕೊಲ್ಲುವುದು. ಒಟ್ಟು ೮೮ ಸಾಯುವುವು. ಇದು ಯಾವ ಸಹಕ್ರಿಯೆಯೂ ಇಲ್ಲದ ಬರಿಯ ಸಮುಚ್ಚಯ. ಪ್ರಯೋಗದಲ್ಲಿ ೯೦ ಸತ್ತುವೆಂದಾದರೆ ಹೆಚ್ಚಿಗೆ ಬಂದುದು ಎರಡು ಕೀಟ ಮಾತ್ರ. ನೂರು ಕೀಟಗಳ ಪ್ರಯೋಗದಲ್ಲಿ ಆಕಸ್ಮಿಕವಾಗಿಯೇ ಮೂರರಷ್ಟು ಏರಿಳಿತ ಸಾಮಾನ್ಯವಾದುದರಿಂದ, ಈ ಎರಡಕ್ಕೆ ಏನೂ ಅರ್ಥವಿಲ್ಲ. ಆದರೆ ೬೦ರಿಂದ ೯೦ಕ್ಕೆ ಏರಿತು, ೭೦ರಿಂದ ೯೦ಕ್ಕೆ ಏರಿತು ಎಂದು ಎರಡು ಕೋಷ್ಟಕಗಳನ್ನು ಬರೆದು ತೋರಿಸಿದರೆ ಓದುವವರಿಗೆ ಮಹತ್ತಾದ ಸಹಕ್ರಿಯೆ ಕಂಡಂತಾಗುವುದು. ಎದುರಿಗೆ ಇರಬೇಕಾದ ಹೋಲಿಕೆ ೬೦ ಅಲ್ಲ, ೭೦ ಅಲ್ಲ, ೮೮. ಈ ಅಂಕವನ್ನು ಹೇಳದೆ ಸಹಕ್ರಿಯೆಯನ್ನು ಘೋಷಿಸುವ ಲೇಖನವು ತನ್ನ ಪ್ರತಿಜ್ಞೆಯನ್ನು ಸಾಧಿಸಿಲ್ಲವೆಂದೇ ತಿಳಿಯತಕ್ಕದ್ದು.

'ಒಂದು ಕೀಟವೂ ಉಳಿಯಲಿಲ್ಲ' ಎಂಬ ಮಾತನ್ನೂ ಹೀಗೆಯೇ ಶೋಧಿಸಬೇಕು. ನೂರು ಕೀಟಗಳಲ್ಲಿ ಒಂದೂ ಉಳಿಯದಿದ್ದರೆ, ನಿಜವಾದ ಉಳಿವು ನೂರಕ್ಕೆ ಮೂರರವರೆಗೂ ಇರಬಹುದೆಂಬ ಸಂದೇಹಕ್ಕೆ ಅವಕಾಶ ಉಳಿದೇ ಇರುವುದು. ಹಣ್ಣಿನ ನೊಣದ ವಿಷಯದಲ್ಲಿ ೧೯೩೯ರಿಂದ ಬಳಕೆಗೆ ಬಂದ ಕಟ್ಟುನಿಟ್ಟಾದ ಮಾನದಂಡವು ಶೇಕಡ ೯೯.೯೯೬೮, ಅದನ್ನು ನೂರಕ್ಕೆ ತೊಂಬತ್ತೈದರ ನಂಬಿಕೆಯಿಂದ ಸ್ಥಾಪಿಸುವುದಕ್ಕೆ ೯೩,೦೦೦ಕ್ಕೂ ಹೆಚ್ಚು ಕೀಟಗಳನ್ನು ಪರೀಕ್ಷಿಸಿ ಒಂದೂ ಉಳಿಯಲಿಲ್ಲವೆಂದು ತೋರಿಸಬೇಕಾಗುವುದು. ಧಾನ್ಯಕ್ಕೆ ಅಷ್ಟು ಕಠಿಣವಾದ ಮಾನ ಬೇಡವೆಂದು ಯಾರಾದರೂ ವಾದಿಸಬಹುದು. ಆಗಲಿ, ಆದರೆ ಒಂದು ಜೊತೆ ಮೂತಿಹುಳುವಿನಿಂದ ಕೆಲವು ತಿಂಗಳಲ್ಲಿ ಚೀಲ ತುಂಬಬಲ್ಲ ಸಂತಾನ ಹುಟ್ಟುವುದೆಂಬುದನ್ನೂ ಅವರು ಮರೆಯಲಾಗದು.

೫. ಅಳೆಯುವ ವಸ್ತುವಿನ ದೋಷ

ಎರಡನೆಯ ಆಕ್ಷೇಪಣೆ ಇನ್ನೂ ಮೂಲಕ್ಕೆ ಹೋಗತಕ್ಕದ್ದು. ಧೂಮದ ಫಲವನ್ನು ಸಾವಿನಿಂದ ಅಳೆಯುವರು; ಕಿರಣದ ಫಲವನ್ನು ಅಳೆಯಬೇಕಾದುದು ಬಂಜೆತನದಿಂದ. ಸಸ್ಯಸಂರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆಯ ಅನುಸಾರ ೨೦೦೩ರಲ್ಲಿ ಹೊರಟ ವಿಕಿರಣದ ಮಾರ್ಗದರ್ಶಿಯು, ಕೀಟವು ಸಾಯದಿದ್ದರೂ ಸಂತಾನ ಪಡೆಯಲಾರದಾದರೆ ಚಿಕಿತ್ಸೆ ಸಫಲವೆಂದು ಒಪ್ಪಿರುವುದು. ಕೂಡುಪ್ರಯೋಗದ ಪರೀಕ್ಷೆಗಳಲ್ಲಿ ಎರಡಕ್ಕೂ ಸಾವನ್ನೇ ಮಾನವಾಗಿಟ್ಟರೆ, ಕಿರಣದ ನಿಜವಾದ ಕೆಲಸವು ಲೆಕ್ಕಕ್ಕೆ ಬಾರದೆ ಹೋಗುವುದು. ೧೫೦ ಗ್ರೇ ತಗುಲಿದ ಮೂತಿಹುಳುಗಳಲ್ಲಿ ಒಂದು ವಾರದಮೇಲೆ ಹಲವು ಬದುಕಿದ್ದರೆ, ಸಾವಿನ ಕೋಷ್ಟಕದಲ್ಲಿ ಅದು ಸೋಲು, ಸಂತಾನದ ಕೋಷ್ಟಕದಲ್ಲಿ ಅದು ಪೂರ್ಣ ಜಯ. ಈ ಸೋಲನ್ನು ಪರಿಹರಿಸುವುದಕ್ಕಾಗಿ ಧೂಮವನ್ನು ಸೇರಿಸಿ, ಸಾವು ಹೆಚ್ಚಿತೆಂದು ಹರ್ಷಿಸುವುದು, ಇಲ್ಲದ ರೋಗಕ್ಕೆ ಔಷಧ ಕೊಟ್ಟು ಗುಣವಾಯಿತೆನ್ನುವುದಕ್ಕೆ ಸಮಾನ.

ಹಾಗಾದರೆ ಬೇಗನೆ ಸಾಯಿಸುವುದಕ್ಕೆ ಬೆಲೆಯೇ ಇಲ್ಲವೆ? ಉಂಟು. ಬಂಜೆಯಾದ ದುಂಬಿಯೂ ಬದುಕಿರುವಷ್ಟು ಕಾಲ ಸ್ವಲ್ಪ ತಿನ್ನುವುದು. ಕೊಳ್ಳುವವನು ಚೀಲದಲ್ಲಿ ಹರಿದಾಡುವ ಹುಳುವನ್ನು ಕಂಡರೆ ಅದು ಬಂಜೆಯೋ ಅಲ್ಲವೋ ಎಂದು ವಿಚಾರಿಸದೆ ಸರಕನ್ನು ಹಿಂದಿರುಗಿಸುವನು. ಆದುದರಿಂದ ಕಿರಣದ ತರುವಾಯ ಧೂಮವನ್ನು ಸೇರಿಸುವುದಕ್ಕೆ ಸಕಾರಣವಾದ ಪ್ರಯೋಜನವಿದೆ. ಆದರೆ ಅದು ವ್ಯಾಪಾರದ ಪ್ರಯೋಜನ, ಜೀವಶಾಸ್ತ್ರದ ಗುಣಾಕಾರವಲ್ಲ. ಎರಡನ್ನೂ ಬೆರಸಿ ಹೇಳುವುದರಿಂದ ಶಾಸ್ತ್ರಕ್ಕೂ ವ್ಯಾಪಾರಕ್ಕೂ ಉಪಕಾರವಾಗದು.

ಇದರ ಜೊತೆಗೆ ಅವಸ್ಥೆಗಳ ಪ್ರಶ್ನೆಯೊಂದಿದೆ. ಪ್ರೌಢ ದುಂಬಿಗಳು ಎಣಿಸುವುದಕ್ಕೆ ಸುಲಭ; ಹಿಟ್ಟಿನ ದುಂಬಿಯಂತೂ ಸಾಕುವುದಕ್ಕೂ ಸುಲಭ. ಆದಕಾರಣ ಪ್ರಯೋಗಗಳಲ್ಲಿ ಹೆಚ್ಚಿನ ಪಾಲು ಪ್ರೌಢ ಕೀಟಗಳ ಮೇಲೆ ನಡೆಯುವುದು ಸಹಜ. ಆದರೆ ಮೂತಿಹುಳುವಿನ ಮೊಟ್ಟೆ, ಹುಳು, ಕೋಶ ಮೂರೂ ಕಾಳಿನ ಹೊಟ್ಟೆಯೊಳಗಿರುವುವು. ಇವುಗಳಲ್ಲಿ ಮೊಟ್ಟೆಯನ್ನು ಕಿರಣವು ನೋಡಿಕೊಳ್ಳುವುದು. ಹುಳುವನ್ನು ಎರಡೂ ನೋಡಿಕೊಳ್ಳುವುವು. ಪಕ್ವವಾದ ಕೋಶದ ಗತಿಯೇನು? ಅದರಲ್ಲಿ ಅಂಗರಚನೆ ಮುಗಿಯುತ್ತ ಬಂದಿರುವುದರಿಂದ ಕಿರಣಕ್ಕೆ ಅದು ಸುಲಭವಾಗಿ ಸಾಯದು. ಉಸಿರಾಟ ಮಂದವಾಗಿರುವುದರಿಂದ ಫಾಸ್ಫೀನಿಗೂ ಬೇಗ ಸಾಯದು. ಎರಡು ಜಾಲಗಳ ನಡುವಣ ಕಿಂಡಿ ಇದೇ. ಕೂಡುಪ್ರಯೋಗವನ್ನು ಸಮರ್ಥಿಸಬಯಸುವವರು ಮೊಟ್ಟಮೊದಲು ಪರೀಕ್ಷಿಸಬೇಕಾದುದು ಈ ಅವಸ್ಥೆಯನ್ನು, ಅದೂ ಕಾಳಿನೊಳಗಿದ್ದಂತೆಯೇ. ಪ್ರೌಢ ದುಂಬಿಯ ಸಾವಿನಿಂದ ಇದರ ವಿಷಯದಲ್ಲಿ ಏನನ್ನೂ ಅನುಮಾನಿಸಲಾಗದು.

೬. ಪೂರ್ವಾಪರಗಳ ಪ್ರಶ್ನೆ

ಕಿರಣ ಮೊದಲೋ ಧೂಮ ಮೊದಲೋ ಎಂಬ ಪ್ರಶ್ನೆಯನ್ನು ಅನೇಕರು ಅನುಕೂಲದ ಪ್ರಶ್ನೆಯಾಗಿ ಭಾವಿಸುವರು. ಅದು ಹಾಗಲ್ಲ. ಆಮ್ಲಜನಕವು ಕಡಮೆಯಿರುವ ಕಡೆ ಕಿರಣದ ಪ್ರಭಾವವು ತಗ್ಗುವುದೆಂಬುದು ಚೆನ್ನಾಗಿ ಸಿದ್ಧವಾದ ಸಂಗತಿ. ಆದ್ದರಿಂದಲೇ ಹಣ್ಣುಗಳಿಗೆ ವಿಧಿಸಿರುವ ಹಲವು ವಿಕಿರಣಚಿಕಿತ್ಸೆಗಳನ್ನು, ಗಾಳಿಯ ಅಂಶವನ್ನು ಬದಲಿಸಿದ ಪೆಟ್ಟಿಗೆಗಳಲ್ಲಿ ಮಾಡಬಾರದೆಂಬ ನಿಬಂಧನೆಯಿದೆ. ಇಂಗಾಲದ ಡೈಆಕ್ಸೈಡನ್ನೋ ಸಾರಜನಕವನ್ನೋ ತುಂಬಿ ಆಮ್ಲಜನಕವನ್ನು ಹೊರದೂಡಿದ ಧಾನ್ಯಕ್ಕೆ ಆ ಸ್ಥಿತಿಯಲ್ಲಿಯೇ ಕಿರಣ ಹಾಯಿಸಿದರೆ, ಒಂದು ಸಾಧನವು ಇನ್ನೊಂದರಿಂದ ಕೀಟವನ್ನು ರಕ್ಷಿಸಿದಂತಾಗುವುದು. ಫಾಸ್ಫೀನಿನ ಸಂಗತಿ ಇಷ್ಟು ಸರಳವಲ್ಲ. ಅದು ಉಸಿರಾಟವನ್ನು ತಡೆಯುವುದರಿಂದ ದೇಹದೊಳಗೆ ಆಮ್ಲಜನಕವು ಖರ್ಚಾಗದೆ ಉಳಿದು ಕಿರಣಕ್ಕೆ ಸಹಾಯಕವಾಗಬಹುದೆಂದು ಒಂದು ಕಡೆ ವಾದಿಸಬಹುದು. ಮೂರ್ಛಿತವಾದ ಕೀಟದಲ್ಲಿ ಕೋಶವಿಭಜನೆ ನಿಂತು ಕಿರಣಕ್ಕೆ ಲಕ್ಷ್ಯವೇ ಸಿಕ್ಕದೆ ಹೋಗಬಹುದೆಂದು ಇನ್ನೊಂದು ಕಡೆ ವಾದಿಸಬಹುದು. ಬರಿಯ ತರ್ಕದಿಂದ ಇದು ಇತ್ಯರ್ಥವಾಗತಕ್ಕುದಲ್ಲ. ಎರಡು ಕ್ರಮಗಳನ್ನೂ ಒಂದೇ ಕೀಟಸಂತತಿಯ ಮೇಲೆ, ಒಂದೇ ಉಷ್ಣತೆಯಲ್ಲಿ, ನಡುವಣ ಬಿಡುವನ್ನು ಬದಲಿಸುತ್ತ ಪರೀಕ್ಷಿಸಿದ ಹೊರತು ಯಾವುದನ್ನೂ ವಿಧಿಸಬಾರದು.

ಕಾರ್ಯಸೌಲಭ್ಯವನ್ನು ನೋಡಿದರೆ ಕಿರಣವೇ ಮೊದಲಾಗುವುದು ಸ್ವಾಭಾವಿಕ. ಕಿರಣವು ಹರಿಯುವ ಧಾನ್ಯಕ್ಕೆ ಕ್ಷಣಮಾತ್ರದ ಸಂಸ್ಕಾರ. ಧೂಮವು ನಿಂತ ಧಾನ್ಯಕ್ಕೆ ಹಲವು ದಿನಗಳ ಸಂಸ್ಕಾರ. ಧಾನ್ಯವು ಉಗ್ರಾಣವನ್ನು ಪ್ರವೇಶಿಸುವಾಗ ಕಿರಣ, ಪ್ರವೇಶಿಸಿದ ಮೇಲೆ ಧೂಮ, ಇದೇ ಸರಿಯಾದ ಕ್ರಮವೆಂದು ತೋರುವುದು. ಆದರೆ ಇಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಬೇಕು: ಕಿರಣದಿಂದ ಜಡವಾದ ಕೀಟವು ಮಂದವಾಗಿ ಉಸಿರಾಡಿದರೆ ಫಾಸ್ಫೀನನ್ನು ಕಡಮೆ ತೆಗೆದುಕೊಂಡೀತು. ಬಿಡುವು ಒಂದು ದಿನವೋ ಒಂದು ವಾರವೋ ಎಂಬುದರ ಮೇಲೆ ಫಲವು ವ್ಯತ್ಯಾಸವಾಗಬಹುದು. ಬಿಡುವಿನ ಕಾಲವನ್ನು ಹೇಳದ ವರದಿಯು ಈ ಕಾರಣದಿಂದ ಅಪೂರ್ಣವಾದುದು.

೭. ಪ್ರಮಾಣವನ್ನು ಇಳಿಸುವ ವಾದ

ಕೂಡುಪ್ರಯೋಗದ ಪರವಾಗಿ ಹೇಳುವ ಮುಖ್ಯ ಲಾಭವೆಂದರೆ ಎರಡರ ಪ್ರಮಾಣವನ್ನೂ ಇಳಿಸಬಹುದೆಂಬುದು. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದುದು ಇಲ್ಲಿಯೇ. ಅರೆಪ್ರಮಾಣದ ಧೂಮವೇ ಪ್ರತಿರೋಧದ ತಾಯಿಯೆಂದು ಹಿಂದೆ ಹೇಳಿದೆವು. ಧೂಮವನ್ನೂ ಇಳಿಸಿ, ಕಿರಣವನ್ನೂ ಬಂಜೆ ಮಾಡುವ ಮಟ್ಟಕ್ಕಿಂತ ಕೆಳಕ್ಕೆ ಇಳಿಸಿದರೆ, ಉಳಿಯತಕ್ಕ ಕೆಲವು ಕೀಟಗಳು ಫಾಸ್ಫೀನನ್ನು ಸಹಿಸಿದುವಾಗಿಯೂ ಸಂತಾನಶಕ್ತಿಯುಳ್ಳುವಾಗಿಯೂ ಇರುವುವು. ಪ್ರಯೋಗಶಾಲೆಯ ಗಾಜಿನ ಬುಡ್ಡಿಯಲ್ಲಿ ನೂರಕ್ಕೆ ತೊಂಬತ್ತೆಂಟು ಸತ್ತುದು ಜಯವೆಂದು ಕಂಡರೂ, ಸಾವಿರಾರು ಟನ್ನಿನ ಉಗ್ರಾಣದಲ್ಲಿ ಉಳಿದ ಎರಡೇ ಮುಂದಿನ ತಲೆಮಾರಿನ ಮೂಲಪುರುಷರಾಗುವುವು.

ಹಾಗಾದರೆ ಇಳಿಸುವುದಕ್ಕೆ ಮಾರ್ಗವೇ ಇಲ್ಲವೆ? ಒಂದು ಮಾರ್ಗವುಂಟು. ಕಿರಣದ ಪ್ರಮಾಣವನ್ನು ಬಂಜೆ ಮಾಡುವ ಮಟ್ಟದಲ್ಲಿ ಪೂರ್ಣವಾಗಿ ನಿಲ್ಲಿಸಿ, ಧೂಮವನ್ನು ಮಾತ್ರ ಸಹಾಯಕವಾಗಿಟ್ಟುಕೊಂಡರೆ, ಧೂಮದಿಂದ ತಪ್ಪಿಸಿಕೊಂಡ ಕೀಟವು ಎಷ್ಟೇ ಪ್ರತಿರೋಧಿಯಾಗಿರಲಿ ತನ್ನ ಶಕ್ತಿಯನ್ನು ಸಂತಾನಕ್ಕೆ ಕೊಡಲಾರದು. ಬಂಜೆಗೆ ವಂಶವಿಲ್ಲ, ವಂಶವಿಲ್ಲದ ಕಡೆ ಪ್ರತಿರೋಧವೂ ಇಲ್ಲ. ಕೂಡುಪ್ರಯೋಗಕ್ಕೆ ಇರುವ ಅತ್ಯಂತ ಬಲವಾದ ಸಮರ್ಥನೆ ಇದು. ಸಹಕ್ರಿಯೆಯ ವಾದಕ್ಕಿಂತ ಇದು ಎಷ್ಟೋ ಗಟ್ಟಿಯಾದುದು. ಆದರೆ ಇದು ನಿಲ್ಲಬೇಕಾದರೆ ಎರಡು ನಿಬಂಧನೆಗಳು ನಡೆಯಬೇಕು. ಒಂದು, ರಾಶಿಯ ಪ್ರತಿಯೊಂದು ಕಾಳಿಗೂ ಕನಿಷ್ಠ ಪ್ರಮಾಣವು ತಲಪಬೇಕು. ಸರಾಸರಿ ಪ್ರಮಾಣದ ಮಾತು ಇಲ್ಲಿ ಕೆಲಸಕ್ಕೆ ಬಾರದು. ಎರಡು, ಆ ಕನಿಷ್ಠವನ್ನು ಮೂತಿಹುಳುವನ್ನು ನೋಡಿ ಗೊತ್ತುಮಾಡದೆ, ಅದಕ್ಕಿಂತ ಹೆಚ್ಚು ತಡೆಯುವ ಪತಂಗಗಳನ್ನು ನೋಡಿ ಗೊತ್ತುಮಾಡಬೇಕು.

೮. ಜನರ ದೃಷ್ಟಿಯಿಂದ

ಇಷ್ಟಾದ ಮೇಲೆ ಕಣಜದಿಂದ ಮನೆಗೆ ಬರೋಣ. ಫಾಸ್ಫೀನಿನ ಬಳಕೆ ಕಡಮೆಯಾಗುವುದಾದರೆ ಅದು ಸಣ್ಣ ಲಾಭವಲ್ಲ. ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆಗಳಿಂದ ಉತ್ತರ ಹಿಂದೂಸ್ಥಾನದ ಹಳ್ಳಿಗಳಲ್ಲಿ ೧೯೮೦ರ ದಶಕದಿಂದ ಅಪಾರವಾದ ಪ್ರಾಣಹಾನಿಯಾಗಿದೆ. ಆ ವಿಷಕ್ಕೆ ನೇರವಾದ ಪ್ರತಿವಿಷವಿಲ್ಲ. ಧಾನ್ಯವನ್ನು ಉಳಿಸುವುದಕ್ಕಾಗಿ ಮನೆಗೆ ತಂದ ವಸ್ತುವು ಮನೆಯ ಮಕ್ಕಳನ್ನು ತೆಗೆದುಕೊಂಡು ಹೋಗುವುದೆಂಬುದನ್ನು ಬರಿಯ ಅಂಕಿಸಂಖ್ಯೆಗಳಿಂದ ಅಳೆಯಲಾಗದು.

ಕಿರಣದ ವಿಷಯದಲ್ಲಿಯೂ ಜನರ ಸಂದೇಹವನ್ನು ಅಲಕ್ಷ್ಯ ಮಾಡತಕ್ಕುದಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೧೯೭೫ರಲ್ಲಿ, ೭೫೦ ಗ್ರೇ ಕಿರಣ ಹಾಯಿಸಿದ ಹೊಸ ಗೋಧಿಯನ್ನು ಪೋಷಣೆ ಸಾಲದ ಮಕ್ಕಳಿಗೆ ಉಣಿಸಿದಾಗ ರಕ್ತಕೋಶಗಳಲ್ಲಿ ವರ್ಣತಂತುಗಳ ವ್ಯತ್ಯಾಸ ಕಂಡಿತೆಂದು ಪ್ರಕಟಿಸಿದರು. ಒಂದೊಂದು ಗುಂಪಿನಲ್ಲಿದ್ದ ಮಕ್ಕಳು ಐವರು. ಸರ್ಕಾರವು ನೇಮಿಸಿದ ಸಮಿತಿಯು ೧೯೭೬ರಲ್ಲಿ ಆ ನಿರ್ಣಯವನ್ನು ಒಪ್ಪಲಿಲ್ಲ. ಟ್ರಾಂಬೆಯ ಪರಮಾಣು ಸಂಶೋಧನಾಕೇಂದ್ರದ ಪ್ರಯೋಗಗಳಲ್ಲಿಯೂ ಅಂಥ ಫಲ ಕಾಣಲಿಲ್ಲ. ೧೦,೦೦೦ ಗ್ರೇವರೆಗಿನ ಕಿರಣದಿಂದ ಆಹಾರದಲ್ಲಿ ವಿಷದೋಷವಿಲ್ಲವೆಂದು ಅಂತರರಾಷ್ಟ್ರೀಯ ತಜ್ಞಸಮಿತಿಯು ೧೯೮೦ರಲ್ಲಿ ನಿರ್ಣಯಿಸಿತು. ನಮ್ಮ ದೇಶದಲ್ಲಿ ಅಕ್ಕಿ, ರವೆ, ಗೋಧಿಹಿಟ್ಟು, ಮೈದಾ ಇವುಗಳಿಗ ೨೫೦ರಿಂದ ೧,೦೦೦ ಗ್ರೇವರೆಗೆ ೧೯೯೮ರಲ್ಲಿ ಅನುಮತಿ ದೊರೆಯಿತು. ಐವರು ಮಕ್ಕಳ ಗುಂಪಿನಿಂದ ಲೋಕಕ್ಕೆ ಭಯವನ್ನು ಹೇಳುವುದು ಎಷ್ಟು ಅಯುಕ್ತವೋ, ನೂರು ದುಂಬಿಗಳಿಂದ ಲೋಕಕ್ಕೆ ಅಭಯವನ್ನು ಹೇಳುವುದೂ ಅಷ್ಟೇ ಅಯುಕ್ತ. ಸಂಖ್ಯೆಯ ಸಂಯಮವು ಎರಡು ಪಕ್ಷಗಳಿಗೂ ಸಮಾನವಾದ ಧರ್ಮ.

ಕೊನೆಯದಾಗಿ ಸ್ಥಳದ ಪ್ರಶ್ನೆ. ಕಿರಣಯಂತ್ರವು ಬಂದರಿಗೂ ದೊಡ್ಡ ಗೋದಾಮಿಗೂ ಒಪ್ಪತಕ್ಕದ್ದು. ನಮ್ಮ ರೈತನ ಧಾನ್ಯದಲ್ಲಿ ಬಹುಪಾಲು ಅವನ ಮನೆಯಲ್ಲಿಯೇ ಇರುವುದು; ಊಟದ ಕಾಳೂ ಬಿತ್ತನೆಯ ಬೀಜವೂ ಅನೇಕ ವೇಳೆ ಒಂದೇ ಕಣಜದವು. ಕಿರಣವು ಬೀಜದ ಮೊಳಕೆಯ ಶಕ್ತಿಯನ್ನು ಕುಂದಿಸುವುದರಿಂದ ಬಿತ್ತನೆಯ ಕಾಳಿಗೆ ಅದು ನಿಷಿದ್ಧ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಧೂಮಪ್ರಯೋಗ, ಫಾಸ್ಫೀನಿನ ಪ್ರತಿರೋಧ ಇವುಗಳಲ್ಲಿ ಬಹುಕಾಲದಿಂದ ದುಡಿದಿರುವುದು. ಕೂಡುಪ್ರಯೋಗದ ಪರೀಕ್ಷೆಗೆ ಇಂಥ ಸಂಸ್ಥೆಗಳಿಗಿಂತ ಯೋಗ್ಯವಾದ ಸ್ಥಾನವಿಲ್ಲ. ಆದರೆ ಅದೇ ನಾಡಿನ ರೈತನು ನೆಲದಲ್ಲಿ ಹಗೇವು ತೋಡಿ, ರಾಗಿ ಜೋಳಗಳನ್ನು ತುಂಬಿ, ಬಾಯಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ಕಾಪಾಡಿಕೊಂಡು ಬಂದನು. ಒಳಗಿನ ಜೀವಿಗಳ ಉಸಿರಿನಿಂದಲೇ ಆಮ್ಲಜನಕವು ಮುಗಿದು ಹುಳು ಸಾಯುವುದು. ಹಗೇವನ್ನು ತೆರೆದೊಡನೆ ಇಳಿಯಬಾರದೆಂಬ ಹಳ್ಳಿಯ ಎಚ್ಚರಿಕೆಗೂ ಇದೇ ಕಾರಣ. ಹಗೇವಿಗೆ ತೇವ ತಗುಲಿದರೆ ಧಾನ್ಯವು ಮುಗ್ಗುವುದೆಂಬ ದೋಷ ಇದ್ದೇ ಇದೆ. ಆದರೂ ಗಾಳಿಯಾಡದಂತೆ ಮುಚ್ಚುವುದೆಂಬ ಅದರ ತತ್ತ್ವವು ಧೂಮಪ್ರಯೋಗಕ್ಕೂ ಪ್ರಾಣದಂತಿರುವುದು. ಮುಚ್ಚದ ಉಗ್ರಾಣದಲ್ಲಿ ಫಾಸ್ಫೀನು ವ್ಯರ್ಥ. ಕಿರಣ ಹಾಯಿಸಿದ ಧಾನ್ಯಕ್ಕೂ ಮುಚ್ಚಿಗೆಯಿಲ್ಲದಿದ್ದರೆ ಮರುದಿನವೇ ಹೊಸ ಹುಳು ಬರುವುದು, ಏಕೆಂದರೆ ಕಿರಣವೂ ಧೂಮವೂ ತಮ್ಮ ಹಿಂದೆ ಕಾವಲನ್ನು ಬಿಟ್ಟುಹೋಗುವುದಿಲ್ಲ.

೯. ನಿಗಮನ

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು. ಕಿರಣ-ಧೂಮಗಳ ಕೂಡುಪ್ರಯೋಗವನ್ನು ತಳ್ಳಿಹಾಕತಕ್ಕ ಕಾರಣವಿಲ್ಲ. ಆದರೆ ಅದನ್ನು ಈಗ ಹೇಳುತ್ತಿರುವ ಕಾರಣಕ್ಕಾಗಿ ಅಂಗೀಕರಿಸತಕ್ಕುದಲ್ಲ. ಸಹಕ್ರಿಯೆಯ ವಾದವು ಬ್ಲಿಸನ ಲೆಕ್ಕದ ಮುಂದೆ ನಿಂತು ತೋರಿಸಬೇಕು. ಸಾವಿನ ಕೋಷ್ಟಕದ ಪಕ್ಕದಲ್ಲಿ ಸಂತಾನದ ಕೋಷ್ಟಕವಿರಬೇಕು. ಪ್ರೌಢ ದುಂಬಿಯ ಜೊತೆಗೆ ಕಾಳಿನೊಳಗಣ ಕೋಶವನ್ನು, ಸಾಧಾರಣ ಸಂತತಿಯ ಜೊತೆಗೆ ಪ್ರತಿರೋಧಿ ಸಂತತಿಯನ್ನು ಪರೀಕ್ಷಿಸಬೇಕು. ಕ್ರಮವನ್ನೂ ಬಿಡುವನ್ನೂ ಸ್ಪಷ್ಟವಾಗಿ ಹೇಳಬೇಕು. ಎರಡರ ಪ್ರಮಾಣವನ್ನೂ ಒಟ್ಟಿಗೆ ಇಳಿಸುವ ಆಸೆಯನ್ನು ಬಿಟ್ಟು, ಕಿರಣದ ಬಂಜೆತನದ ಪ್ರಮಾಣವನ್ನು ಇಡಿಯಾಗಿ ಉಳಿಸಿಕೊಳ್ಳಬೇಕು. ಇಷ್ಟನ್ನು ನೆರವೇರಿಸಿದ ಪ್ರಯೋಗವು ಕೂಡುಪದ್ಧತಿಗೆ ಅನುಕೂಲವಾಗಿ ಬಂದರೆ, ಫಾಸ್ಫೀನಿನ ಆಯುಸ್ಸನ್ನು ಹೆಚ್ಚಿಸುವ ಉಪಾಯವೊಂದು ಲೋಕಕ್ಕೆ ದೊರೆತಂತಾಗುವುದು. ಪ್ರತಿಕೂಲವಾಗಿ ಬಂದರೆ, ಬಡವನ ಕಣಜದ ಮೇಲೆ ಅರೆಬೆಂದ ಪದ್ಧತಿಯೊಂದನ್ನು ಹೇರುವ ದೋಷದಿಂದ ನಾವು ಪಾರಾಗುವೆವು. ಎರಡರಲ್ಲಿ ಯಾವುದಾದರೂ ಲಾಭವೇ.